ಯಾಲ್, ಯಿನ್ಜ್, ಯೂ ಗೈಸ್: ಅಮೆರಿಕದಲ್ಲಿ ಹಲವರನ್ನು ಒಟ್ಟಿಗೆ ಮಾತನಾಡಿಸುವುದು ಹೇಗೆ?

ಪ್ರಶ್ನೆ: ತುಂಗಾತೀರ

ಎಲ್ಲರಿಗೂ ನಮಸ್ಕಾರ. ಪಿಟ್ಸ್‌ಬರ್ಗ್‌ನಲ್ಲಿ ಹಲವು ವರ್ಷ ಇದ್ದು, ಈಚೆಗೆ ಕೆಲಸದ ನಿಮಿತ್ತ ನಾರ್ತ್ ಕೆರೊಲಿನಾದ ರಾಲೀ ನಗರಕ್ಕೆ ಬಂದು ನೆಲೆಸಿದ್ದೇವೆ. ಅಲ್ಲಿದ್ದಾಗ ನೆರೆಮನೆಯ ವೃದ್ಧ ದಂಪತಿಗಳು ನಮ್ಮನ್ನು ‘ಯಿನ್ಜ್’ ಎಂದು ಮಾತನಾಡಿಸುತ್ತಿದ್ದರು. ಕಚೇರಿಯಲ್ಲಿ ಮಾತ್ರ ‘ಯೂ ಗೈಸ್’ ಎಂಬುದೇ ರೂಢಿಯಾಗಿತ್ತು. ಇಲ್ಲಿ ಅಂಗಡಿ, ಶಾಲೆ, ಆಸ್ಪತ್ರೆ ಎಲ್ಲಿ ಹೋದರೂ ‘ಯಾಲ್’ ಎಂಬ ಮಾತೇ ಕಿವಿಗೆ ಬೀಳುತ್ತದೆ. ಮಗಳು ಅದನ್ನು ಬೇಗನೆ ಕಲಿತು, ತನ್ನ ಶಿಕ್ಷಕಿಯರೊಂದಿಗೂ ಹಾಗೆಯೇ ಮಾತನಾಡುತ್ತಾಳೆ. ಹಿರಿಯರನ್ನು ಏಕವಚನದಲ್ಲಿ ಕರೆಯಬಾರದೆಂದು ಕಲಿಸಿದ ಮನೆಯಲ್ಲಿ ಬೆಳೆದ ನನಗೆ, ಇದು ಸಲುಗೆಯ ಮಾತೇ, ಗೌರವಕ್ಕೆ ಕುಂದು ತರುವುದೇ ಎಂಬ ಸಂದೇಹ ಕಾಡುತ್ತಿದೆ. ಒಂದೇ ದೇಶದಲ್ಲಿ, ಒಂದೇ ಭಾಷೆಯಲ್ಲಿ, ಇಷ್ಟು ಸರಳವಾದ ಕೆಲಸಕ್ಕೆ ಇಷ್ಟೊಂದು ರೂಪಗಳು ಏಕೆ ಹುಟ್ಟಿದವು? ಹೊರಗಿನಿಂದ ಬಂದ ನಾವು ಅವನ್ನು ಬಳಸಿದರೆ ಸ್ಥಳೀಯರು ಏನೆಂದುಕೊಳ್ಳುತ್ತಾರೆ? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ಹಳೆನುಡಿ

ಇಷ್ಟೊಂದು ರೂಪಗಳು ಏಕೆ ಎಂಬುದಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರಿಂದಲೇ ಹೊರಡುತ್ತದೆ. ಇಂಗ್ಲಿಷಿನಲ್ಲಿ ಮೊದಲು ಒಬ್ಬರಿಗೆ ‘ದೌ’, ಹಲವರಿಗೆ ‘ಯೀ’ ಎಂಬ ಬೇರೆ ಬೇರೆ ಸರ್ವನಾಮಗಳಿದ್ದವು. ‘ಯೂ’ ಎಂಬುದು ‘ಯೀ’ ಎಂಬುದರ ಕರ್ಮರೂಪವಾಗಿತ್ತು. ಫ್ರೆಂಚ್ ಆಸ್ಥಾನದ ರೀತಿಯನ್ನು ಅನುಸರಿಸಿ, ದೊಡ್ಡವರು ಒಬ್ಬರೇ ಇದ್ದರೂ ಅವರನ್ನು ಬಹುವಚನದಲ್ಲಿ ಕರೆಯುವ ಪದ್ಧತಿ ಮಧ್ಯಯುಗದಲ್ಲಿ ಬೇರೂರಿತು. ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೆ ಇಂಗ್ಲಿಷಿನಲ್ಲಿ ಈ ಗೌರವ ಎಲ್ಲರಿಗೂ ಸಲ್ಲುತ್ತಾ ಹೋಗಿ, ‘ದೌ’ ಎಂದರೆ ಅವಮಾನವೆಂಬ ಭಾವನೆ ಬೆಳೆದು, ಹದಿನೆಂಟನೆಯ ಶತಮಾನದ ಹೊತ್ತಿಗೆ ಶಿಷ್ಟಭಾಷೆಯ ದಿನಬಳಕೆಯಿಂದ ಏಕವಚನವೇ ಅಳಿಸಿಹೋಯಿತು.

ಈ ಬದಲಾವಣೆಯನ್ನು ಎದುರಿಸಿ ನಿಂತವರು ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ದೇವರ ಮುಂದೆ ಎಲ್ಲರೂ ಸಮಾನರಾಗಿರುವಾಗ ಒಬ್ಬ ವ್ಯಕ್ತಿಯನ್ನು ಬಹುವಚನದಲ್ಲಿ ಹೊಗಳುವುದು ಸುಳ್ಳಾಡಿದಂತೆ ಎಂದು ಜಾರ್ಜ್ ಫಾಕ್ಸ್ ಮತ್ತು ಅವರ ಅನುಯಾಯಿಗಳು ನಂಬಿದ್ದರು. ನ್ಯಾಯಾಧೀಶರನ್ನೂ ಏಕವಚನದಲ್ಲೇ ಮಾತನಾಡಿಸಿ ಅವರು ಅಧಿಕಾರಿಗಳ ಕೋಪಕ್ಕೆ ಗುರಿಯಾದರು. ನೀವು ಬಿಟ್ಟುಬಂದ ಪೆನ್ಸಿಲ್ವೇನಿಯಾಕ್ಕೆ 1681ರಲ್ಲಿ ಸನ್ನದು ಪಡೆದ ವಿಲಿಯಂ ಪೆನ್ ಕೂಡ ಇದೇ ಪಂಥದವರು.

ಏಕವಚನ ಹೋದಮೇಲೆ ‘ಯೂ’ ಎಂದರೆ ಒಬ್ಬರೋ ಹಲವರೋ ತಿಳಿಯದಂತಾಯಿತು. ಆ ಕೊರತೆಯನ್ನು ಜನರು ತಮ್ಮ ತಮ್ಮ ಊರುಗಳಲ್ಲಿ ತಾವೇ ತುಂಬಿಕೊಂಡರು: ದಕ್ಷಿಣದಲ್ಲಿ ‘ಯಾಲ್’, ಅಪಲೇಚಿಯನ್ ಬೆಟ್ಟಗಳಲ್ಲಿ ‘ಯೂಅನ್ಸ್’, ಐರಿಷ್ ವಲಸಿಗರು ದಟ್ಟವಾಗಿ ನೆಲೆಸಿದ ನ್ಯೂಯಾರ್ಕ್, ಫಿಲಡೆಲ್ಫಿಯಾ ಕಡೆ ‘ಯೂಝ್’. ‘ನೀವು’ ಗೌರವಕ್ಕೂ ಬಹುವಚನಕ್ಕೂ ಒಂದೇ ಆದುದರಿಂದ ನಾವು ‘ನೀವೆಲ್ಲ’, ‘ನೀವುಗಳು’ ಎನ್ನುತ್ತೇವಲ್ಲವೇ? ಕಾರಣ ಎರಡೂ ಕಡೆ ಒಂದೇ. ಇವನ್ನು ಅಶುದ್ಧವೆಂದು ತಿದ್ದುವ ಶಿಕ್ಷಕರನ್ನು ಕಂಡಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಶಿಷ್ಟ ಇಂಗ್ಲಿಷ್ ಕಳೆದುಕೊಂಡ ಒಂದು ಭೇದವನ್ನು ಉಳಿಸಿಕೊಂಡಿರುವುದು ಈ ಆಡುನುಡಿಗಳೇ.

ಉತ್ತರ 2: ಮೂರುನದಿ

ನಾನು ಪಿಟ್ಸ್‌ಬರ್ಗ್‌ನಲ್ಲಿಯೇ ಇರುವವನು, ಆದ್ದರಿಂದ ‘ಯಿನ್ಜ್’ ಕುರಿತು ಬರೆಯುತ್ತೇನೆ. ‘ಯೂ ಒನ್ಸ್’ ಎಂಬ ಎರಡು ಪದಗಳು ಕೂಡಿಕೊಂಡು ಸವೆದು ಆದ ರೂಪವಿದು. ಹದಿನೆಂಟನೆಯ ಶತಮಾನದಲ್ಲಿ ಐರ್ಲೆಂಡಿನ ಉತ್ತರದ ಅಲ್‌ಸ್ಟರ್ ಪ್ರಾಂತ್ಯದಿಂದ ಬಂದ ಸ್ಕಾಟ್ಸ್-ಐರಿಷ್ ವಲಸಿಗರು ಇದನ್ನು ತಂದರು. ಅವರಲ್ಲಿ ಅನೇಕರು ಫಿಲಡೆಲ್ಫಿಯಾ ಸುತ್ತಮುತ್ತ ಇಳಿದು, ಕೆಲವರು ಪಶ್ಚಿಮ ಪೆನ್ಸಿಲ್ವೇನಿಯಾಕ್ಕೆ ಹೋದರೆ, ಮತ್ತೆ ಕೆಲವರು ಶೆನಂಡೋವಾ ಕಣಿವೆಯ ಬಂಡಿದಾರಿ ಹಿಡಿದು ವರ್ಜೀನಿಯಾ, ಕೆರೊಲಿನಾಗಳ ಒಳನಾಡಿಗೆ ಇಳಿದರು. ಹೀಗಾಗಿ ಪಿಟ್ಸ್‌ಬರ್ಗ್‌ನ ‘ಯಿನ್ಜ್’ ಮತ್ತು ನಿಮ್ಮ ರಾಜ್ಯದ ಪಶ್ಚಿಮದ ಬೆಟ್ಟಗಳಲ್ಲಿ ಹಳಬರು ಆಡುವ ‘ಯೂಅನ್ಸ್’ ಒಂದೇ ಬೇರಿನವು. ನೀವು ಒಂದು ರೂಪವನ್ನು ಬಿಟ್ಟು ಅದರ ದಾಯಾದಿ ಇರುವ ರಾಜ್ಯಕ್ಕೇ ಹೋಗಿದ್ದೀರಿ.

ಈ ಪದಕ್ಕೆ ಇಂದು ಇರುವ ತೂಕ ಬೇರೆಯದು. 1980ರ ದಶಕದಲ್ಲಿ ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದಾಗ ಅಸಂಖ್ಯ ಕುಟುಂಬಗಳು ಕೆಲಸ ಹುಡುಕಿಕೊಂಡು ಊರು ಬಿಟ್ಟವು. ಅವರಿಗೆ ತವರಿನ ಗುರುತಾಗಿ ಉಳಿದದ್ದು ಸ್ಟೀಲರ್ಸ್ ಫುಟ್‌ಬಾಲ್ ತಂಡ ಮತ್ತು ಈ ಆಡುಮಾತು. ಒಂದು ಕಾಲಕ್ಕೆ ಕಾರ್ಮಿಕರ ಒರಟು ಮಾತೆಂದು ಎಣಿಸಲಾಗುತ್ತಿದ್ದ ‘ಯಿನ್ಜ್’ ಅಂಗಿಗಳ ಮೇಲೆ, ಕಾಫಿ ಬಟ್ಟಲುಗಳ ಮೇಲೆ ಅಚ್ಚಾಗತೊಡಗಿತು. ಊರಿನ ಮಣ್ಣಿನ ಮಕ್ಕಳಿಗೆ ‘ಯಿನ್ಜರ್’ ಎಂಬ ಹೆಸರೇ ಬಂತು. ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದ ಬಾರ್ಬರಾ ಜಾನ್‌ಸ್ಟನ್ ಅವರು ಈ ಪರಿವರ್ತನೆಯನ್ನು ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ಕಿರಿಯರ ದಿನಬಳಕೆಯಲ್ಲಿ ಅದು ಕಡಿಮೆಯಾಗುತ್ತಿದ್ದರೂ ಅಭಿಮಾನದ ಸಂಕೇತವಾಗಿ ಬಲಗೊಂಡಿದೆ. ಆದ್ದರಿಂದ ಹೊರಗಿನವರು ‘ಯಿನ್ಜ್’ ಎಂದರೆ ಅಣಕಿಸಿದಂತೆ ಕೇಳಿಸುವ ಸಂಭವವಿದೆ. ನಾನು ಇಷ್ಟು ಕಾಲ ಇಲ್ಲಿದ್ದರೂ ಅದನ್ನು ಪ್ರೀತಿಯಿಂದ ಕೇಳುತ್ತೇನೆಯೇ ಹೊರತು ಬಳಸುವುದಿಲ್ಲ.

ಉತ್ತರ 3: ಬಯಲುಸೀಮೆ

ಅಟ್ಲಾಂಟಾದಲ್ಲಿ ಮಕ್ಕಳನ್ನು ಬೆಳೆಸಿದ ತಾಯಿಯಾಗಿ ನಿಮ್ಮ ಆತಂಕ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ‘ಯಾಲ್’ ಏಕವಚನದ ಸಲುಗೆಯ ಮಾತಲ್ಲ. ದಕ್ಷಿಣದ ರಾಜ್ಯಗಳಲ್ಲಿ ಗೌರವವನ್ನು ಹೊರುವುದು ಸರ್ವನಾಮವಲ್ಲ, ಅದರ ಜೊತೆಗೆ ಬರುವ ‘ಮ್ಯಾಮ್’, ‘ಸರ್’ ಎಂಬ ಸಂಬೋಧನೆಗಳು, ಪರಿಚಿತ ಹಿರಿಯ ಮಹಿಳೆಯರ ಹೆಸರಿಗೆ ಮೊದಲು ಸೇರಿಸುವ ‘ಮಿಸ್’. ನಿಮ್ಮ ಮಗಳು ಶಿಕ್ಷಕಿ ಕರೆದಾಗ ‘ಯೆಸ್ ಮ್ಯಾಮ್’ ಎಂದು ಓಗೊಡುವುದನ್ನು ಕಲಿತರೆ ಸಾಕು. ಇಬ್ಬರು ಶಿಕ್ಷಕಿಯರನ್ನು ಒಟ್ಟಿಗೆ ‘ಯಾಲ್’ ಎಂದದ್ದಕ್ಕೆ ಇಲ್ಲಿ ಯಾರೂ ಹುಬ್ಬುಗಂಟಿಕ್ಕುವುದಿಲ್ಲ.

ಅಂಗಡಿಯವರು ಒಬ್ಬರನ್ನೇ ನೋಡಿ ‘ಯಾಲ್’ ಎನ್ನುವುದನ್ನು ಕೇಳಿ ನೀವು ಗೊಂದಲಗೊಳ್ಳಬಹುದು. ಅಲ್ಲಿ ಸಾಮಾನ್ಯವಾಗಿ ನಿಮ್ಮ ಮನೆಯವರೆಲ್ಲರನ್ನೂ ಸೇರಿಸಿ ವಿಚಾರಿಸುವ ಭಾವವಿರುತ್ತದೆ. ಈ ಪದ ಒಬ್ಬರಿಗೂ ಸಲ್ಲುತ್ತದೆಯೇ ಎಂಬ ಬಗ್ಗೆ ಭಾಷಾಶಾಸ್ತ್ರಜ್ಞರಲ್ಲಿ ಹಳೆಯ ವಾದವೇ ಇದೆ. ದಕ್ಷಿಣದವರಲ್ಲಿ ಹೆಚ್ಚಿನವರು ಇಲ್ಲವೆಂದೇ ಖಂಡಿತವಾಗಿ ಹೇಳುತ್ತಾರೆ. ಒಬ್ಬರನ್ನೂ ಬಿಡದೆ ಎಲ್ಲರೂ ಎಂದು ಒತ್ತಿ ಹೇಳಬೇಕಾದಾಗ ‘ಆಲ್ ಯಾಲ್’ ಎನ್ನುವುದುಂಟು.

ಈ ಪದ ದಕ್ಷಿಣದ ಬಿಳಿಯರದಷ್ಟೇ ಅಲ್ಲ ಎಂಬುದನ್ನು ಮರೆಯಬಾರದು. 1910ರಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಅಮೆರಿಕನ್ನರು ದಕ್ಷಿಣದ ಹಿಂಸೆ ಮತ್ತು ಬಡತನದಿಂದ ಪಾರಾಗಲು ಷಿಕಾಗೋ, ಡೆಟ್ರಾಯಿಟ್, ಲಾಸ್ ಏಂಜಲಿಸ್ ಮೊದಲಾದ ನಗರಗಳಿಗೆ ವಲಸೆ ಹೋದಾಗ ಅದು ಅವರೊಂದಿಗೆ ಉತ್ತರಕ್ಕೂ ಪಶ್ಚಿಮಕ್ಕೂ ಹೋಯಿತು.

‘ಯೂ ಗೈಸ್’ ಬಗ್ಗೆ ಒಂದು ಮಾತು. 1605ರಲ್ಲಿ ಇಂಗ್ಲೆಂಡಿನ ಸಂಸತ್ತನ್ನು ಸಿಡಿಮದ್ದಿನಿಂದ ಉಡಾಯಿಸಲು ಹೊರಟ ಗುಂಪಿನಲ್ಲಿ ಸಿಕ್ಕಿಬಿದ್ದ ಗೈ ಫಾಕ್ಸ್‌ನ ಪ್ರತಿಕೃತಿಯನ್ನು ಸುಡುವ ಆಚರಣೆಯಿಂದ ‘ಗೈ’ ಎಂಬ ಪದ ಬಂದು, ವಿಚಿತ್ರ ವೇಷದವನು ಎಂದಾಗಿ, ಅಮೆರಿಕದಲ್ಲಿ ಗಂಡಸು ಎಂಬ ಅರ್ಥ ಪಡೆದು, ಕೊನೆಗೆ ಹೆಂಗಸರೂ ಇರುವ ಗುಂಪಿಗೆ ಸಲ್ಲತೊಡಗಿತು. ಈ ಶತಮಾನದ ಆರಂಭದಲ್ಲಿ ಹಾರ್ವರ್ಡ್‌ನಲ್ಲಿದ್ದ ಬರ್ಟ್ ವಾಕ್ಸ್ ನಡೆಸಿದ ಉಪಭಾಷಾ ಸಮೀಕ್ಷೆಯಲ್ಲಿ ದೇಶದಾದ್ಯಂತ ಅತಿ ಹೆಚ್ಚು ಜನ ಆರಿಸಿದ್ದು ಇದನ್ನೇ. ಆದರೂ ಹೆಂಗಸರೇ ಕೂಡಿದ ಸಭೆಯನ್ನು ಹೀಗೆ ಕರೆಯುವುದು ನನಗೆ ಒಗ್ಗುವುದಿಲ್ಲ. ಲಿಂಗಭೇದವಿಲ್ಲದ ಕಾರಣಕ್ಕಾಗಿಯೇ ದಕ್ಷಿಣದ ಹೊರಗಿನ ಅನೇಕರು ಈಗ ‘ಯಾಲ್’ ಕಡೆಗೆ ತಿರುಗಿದ್ದಾರೆ. ನೀವೂ ನಿಸ್ಸಂಕೋಚವಾಗಿ ಬಳಸಿ.

ತುಂಗಾತೀರ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಮಗಳನ್ನು ತಿದ್ದುವ ಯೋಚನೆಯನ್ನು ಕೈಬಿಟ್ಟಿದ್ದೇನೆ. ಮುಂದಿನ ತಿಂಗಳು ಕಡಲತೀರದ ವಿಲ್ಮಿಂಗ್ಟನ್ ಕಡೆಗೆ ಹೋಗುವವರಿದ್ದೇವೆ. ಅಲ್ಲಿಯೂ ಇದೇ ರೂಪವೇ?

ಹಳೆನುಡಿ

ನಗರದಲ್ಲಿ ‘ಯಾಲ್’ ಎಂದೇ ಕೇಳುವಿರಿ. ಆದರೆ ಅಲ್ಲಿಂದ ದಕ್ಷಿಣಕ್ಕೆ, ಸೌತ್ ಕೆರೊಲಿನಾ ಮತ್ತು ಜಾರ್ಜಿಯಾದ ಕಡಲ ದ್ವೀಪಗಳಲ್ಲಿ, ಭತ್ತದ ತೋಟಗಳಿಗೆ ಗುಲಾಮರಾಗಿ ತರಲಾದ ಆಫ್ರಿಕನ್ನರ ವಂಶಜರು ಗಲ್ಲಾ ಎಂಬ ಭಾಷೆಯನ್ನು ಉಳಿಸಿಕೊಂಡು ಬಂದಿದ್ದಾರೆ. ಅದರಲ್ಲಿ ‘ನೀವು’ ಎಂಬುದಕ್ಕೆ ‘ಊನಾ’ ಎನ್ನುತ್ತಾರೆ. ನೈಜೀರಿಯಾದ ಇಗ್ಬೊ ಭಾಷೆಯಲ್ಲಿ ಬಹುವಚನದ ‘ನೀವು’ ಎಂಬುದಕ್ಕೆ ‘ಉನು’ ಎಂಬ ಪದವಿದೆ. ಕಪ್ಪು ಭಾಷಾಶಾಸ್ತ್ರಜ್ಞ ಲೊರೆಂಜೊ ಡೌ ಟರ್ನರ್ ಅವರು ಗಲ್ಲಾದಲ್ಲಿ ಉಳಿದಿರುವ ಆಫ್ರಿಕದ ಅಂಶಗಳನ್ನು 1949ರಲ್ಲಿ ಪ್ರಕಟಿಸುವವರೆಗೆ, ವಿದ್ವಾಂಸರಲ್ಲಿ ಅನೇಕರು ಈ ನುಡಿಯನ್ನು ಕೆಟ್ಟುಹೋದ ಇಂಗ್ಲಿಷ್ ಎಂದೇ ತಳ್ಳಿಹಾಕುತ್ತಿದ್ದರು. 2005ರಲ್ಲಿ ಬೈಬಲಿನ ಹೊಸ ಒಡಂಬಡಿಕೆ ಈ ಭಾಷೆಯಲ್ಲಿ ಅಚ್ಚಾಗಿದ್ದು, ಅದರಲ್ಲಿಯೂ ‘ಊನಾ’ ಎಂದೇ ಇದೆ. ಸಮಯವಿದ್ದರೆ ಸೌತ್ ಕೆರೊಲಿನಾದ ಸೇಂಟ್ ಹೆಲೆನಾ ದ್ವೀಪದ ಪೆನ್ ಸೆಂಟರ್‌ಗೆ ಮಗಳನ್ನು ಕರೆದುಕೊಂಡು ಹೋಗಿ. ದಾಸ್ಯಮುಕ್ತರಾದವರಿಗಾಗಿ 1862ರಲ್ಲಿ ತೆರೆದ ಶಾಲೆ ಅದು, ಈಗ ಗಲ್ಲಾ ಸಂಸ್ಕೃತಿಯ ಕೇಂದ್ರವಾಗಿದೆ.