ಆಟಗಾರನೇ ತಂಡ ಆರಿಸಿಕೊಂಡರೆ ಯಾವ ಕ್ರಿಯಾಪದ?

ಗೆಳೆಯರೇ, ನಮ್ಮ ಕನ್ನಡ ಕೂಟದ ಪತ್ರಿಕೆಗೆ ಬೇಸ್‌ಬಾಲ್ ಬಗ್ಗೆ ಬರೆಯುತ್ತಿದ್ದೇನೆ. ಒಂದು ಕ್ರಿಯಾಪದ ಬೇಕಿತ್ತು.

2025ರ ಜನವರಿಯಲ್ಲಿ ಜಪಾನಿನ ಪಿಚರ್ (ಚೆಂಡು ಎಸೆಯುವವರು) ರೋಕಿ ಸಸಾಕಿ ಅಮೆರಿಕದ ಯಾವ ತಂಡಕ್ಕೆ ಹೋಗುತ್ತಾರೆ ಅನ್ನೋದೇ ಎಲ್ಲರ ಬಾಯಲ್ಲಿ. ಕೊನೆಗೆ ಕಣದಲ್ಲಿ ಉಳಿದದ್ದು ಡಾಡ್ಜರ್ಸ್, ಪ್ಯಾಡ್ರೆಸ್, ಬ್ಲೂ ಜೇಸ್. ಹೋಗಿದ್ದು ಡಾಡ್ಜರ್ಸ್‌ಗೆ. ಐಪಿಎಲ್ ಆಗಿದ್ದರೆ ‘ಡಾಡ್ಜರ್ಸ್ ಪಾಲಾದ ಸಸಾಕಿ’ ಅಂತ ತಲೆಬರಹ ಹಾಕಿ ಮುಗಿಸಬಹುದಿತ್ತು. ಇಲ್ಲಿ ಅದು ಒಪ್ಪಲ್ಲ. ಹರಾಜಿನಲ್ಲಿ ಜಾಸ್ತಿ ಕೂಗಿದವರ ಪಾಲಾಗುವುದು ಸರಿ. ಆದರೆ ಇಲ್ಲಿ ಹರಾಜೇ ಇಲ್ಲ, ಜಾಸ್ತಿ ಕೂಗಲೂ ಆಗಲ್ಲ. ಸಸಾಕಿಗೆ ಆಗ 23 ವರ್ಷ. 25 ತುಂಬದ ಹೊರದೇಶದ ಆಟಗಾರರಿಗೆ ಸಹಿ ಹಾಕುವಾಗ ಕೊಡುವ ಹಣಕ್ಕೆ ಪ್ರತಿ ತಂಡಕ್ಕೂ ಮಿತಿ ಇದೆ. ಅವರಿಗೆ ಸಿಕ್ಕಿದ್ದು 65 ಲಕ್ಷ ಡಾಲರ್. ಅದೇ 2023ರ ಡಿಸೆಂಬರ್‌ನಲ್ಲಿ, 25 ತುಂಬಿದ್ದ ಯೋಶಿನೋಬು ಯಮಾಮೊಟೊಗೆ ಇದೇ ಡಾಡ್ಜರ್ಸ್ ಒಪ್ಪಿದ್ದು 12 ವರ್ಷಕ್ಕೆ 32.5 ಕೋಟಿ ಡಾಲರ್!

ದುಡ್ಡಿನ ಆಸೆ ತೋರಿಸಲು ಆಗದಿದ್ದಾಗ ತಂಡಗಳೇ ಸಂದರ್ಶನಕ್ಕೆ ಬಂದು ಕೂತವು. 2024ರಲ್ಲಿ ಸಸಾಕಿಯ ಎಸೆತದ ವೇಗ ಇಳಿದಿತ್ತು. ಯಾಕೆ ಇಳಿಯಿತು, ಮತ್ತೆ ಇಳಿಯದ ಹಾಗೆ ಏನು ಮಾಡ್ತೀರಿ ಅಂತ ತಂಡಗಳಿಗೇ ಹೋಂವರ್ಕ್ ಕೊಟ್ಟರು. ಇಂಥವರನ್ನು ‘ಪಾಲು’ ಅನ್ನೋದು ಹೇಗೆ?

‘ಸೇರಿದರು’ ಇದೆ, ಆದರೆ ಅದು ಎಲ್ಲ ಮುಗಿದ ಮೇಲಿನ ಮಾತು. ನನಗೆ ಬೇಕಿರುವುದು ಮುಂಚಿನ ಕುತೂಹಲಕ್ಕೆ. ‘ಸಸಾಕಿ ಯಾರಿಗೆ ಒಲಿದಾರು?’ ಅಂದರೆ ಹೇಗೆ? ಅನುಮಾನವೂ ಬಂತು, ಆಯ್ಕೆ ಅವರದೇ ಅನ್ನೋದೂ ಬಂತು. ಆದರೆ ಪ್ರಶಸ್ತಿ ಒಲಿಯಿತು, ಅದೃಷ್ಟ ಒಲಿಯಿತು ಅಂತ ಪತ್ರಿಕೆಗಳು ಆ ಪದವನ್ನು ಸವೆಸಿಬಿಟ್ಟಿವೆ. ಮನುಷ್ಯರಿಗೆ ಹೇಳಿದರೆ ಪ್ರೇಮದ ವಾಸನೆ ಹೊಡೆಯುತ್ತೆ ಅಂತಾಳೆ ನನ್ನ ಹೆಂಡತಿ. ನನಗೇನೋ ಹಾಗನ್ನಿಸಲ್ಲ.

ಇನ್ನೊಂದು ‘ಪೋಸ್ಟಿಂಗ್’. ಜಪಾನಿನ ತಂಡ ತನ್ನ ಆಟಗಾರನನ್ನು ಅಮೆರಿಕದ ತಂಡಗಳ ಜೊತೆ ಮಾತಾಡಲು ಬಿಡುವ ಪದ್ಧತಿ ಅದು. ‘ಸಸಾಕಿಗೆ ಪೋಸ್ಟಿಂಗ್ ಆಯ್ತು’ ಅಂದರೆ ನಮ್ಮೂರಲ್ಲಿ ಯಾವ ತಾಲ್ಲೂಕಿಗೆ ಅಂತ ಕೇಳ್ತಾರೆ. ‘ಬಿಟ್ಟುಕೊಟ್ಟರು’ ಅಂದರೆ ಬೇಡವಾಗಿ ಕಳಿಸಿದ ಹಾಗಾಗುತ್ತೆ. ಅವರ ಜಪಾನಿನ ತಂಡ ಚಿಬಾ ಲೋಟೆ ಮರೀನ್ಸ್‌ಗೆ ಅವರು ಬೇಡವಾಗಲು ಸಾಧ್ಯವೇ? 2022ರ ಏಪ್ರಿಲ್‌ನಲ್ಲಿ ಎದುರಾಳಿಗಳಲ್ಲಿ ಒಬ್ಬರನ್ನೂ ಬೇಸ್ ಮುಟ್ಟಲು ಬಿಡದೆ, 19 ಸ್ಟ್ರೈಕೌಟ್ (ಮೂರು ಸ್ಟ್ರೈಕ್ ಆಗಿ ಬ್ಯಾಟರ್ ಔಟ್ ಆಗುವುದು) ಮಾಡಿ ಪಂದ್ಯ ಮುಗಿಸಿದವರು. ‘ಮಾತುಕತೆಗೆ ಬಿಟ್ಟರು’ ಅಂತ ಸದ್ಯಕ್ಕೆ ಹಾಕಿದ್ದೇನೆ, ಸ್ವಲ್ಪ ಸಪ್ಪೆ.

‘ಫ್ರೀ ಏಜೆಂಟ್’, ಅಂದರೆ ಯಾವ ತಂಡದ ಕಟ್ಟೂ ಇಲ್ಲದ ಆಟಗಾರ, ಆ ಪದ ಹಾಗೇ ಇರಲಿ. ಫ್ರೀ ಏಜೆಂಟ್‌ಗೂ ಅವನ ಪರ ಮಾತಾಡುವ ಒಬ್ಬ ಏಜೆಂಟ್ ಇರ್ತಾನೆ ಅನ್ನೋದನ್ನ ಮಾತ್ರ ಒಂದು ಸಾಲಲ್ಲಿ ಬಿಡಿಸಿ ಹೇಳಬೇಕು.

ಕ್ರೀಡಾ ಪುಟ ನೋಡಿಕೊಂಡವರು ಇಲ್ಲಿದ್ದೀರಿ. ಐಪಿಎಲ್‌ಗೆ ಮುಂಚೆ ಆಟಗಾರ ತಾನಾಗಿ ತಂಡ ಬದಲಿಸಿದರೆ ಏನು ಬರೆಯುತ್ತಿದ್ದಿರಿ?