ಜಾಂಗೋದಲ್ಲಿ ಯಾವುದು ಮೊದಲು ಕಲಿಯಬೇಕು? ಮಾನ್ವಿಯ ಪ್ರಶ್ನೆಗೆ ನಮ್ಮ ಕಡೆಯವರ ಅನುಭವ

ಪ್ರಶ್ನೆ, ಮಾನ್ವಿಯಿಂದ

ಬಿಸಿಎ ಕೊನೆಯ ವರ್ಷದಲ್ಲಿದ್ದೇನೆ. ಪೈಥಾನ್ ಬರುತ್ತದೆ. ಪೈಥಾನ್‌ನಲ್ಲಿ ವೆಬ್ ಆ್ಯಪ್ ಕಟ್ಟುವ ಫ್ರೇಮ್‌ವರ್ಕ್ ಆದ ಜಾಂಗೋದ ಅಧಿಕೃತ ಪಾಠದಲ್ಲಿರುವ ಮತದಾನದ ಆ್ಯಪ್ ಮಾಡಿ ಮುಗಿಸಿದ್ದೇನೆ. ಮುಂದೆ ನೋಡಿದರೆ ಸಿಗ್ನಲ್, ಮಿಡಲ್‌ವೇರ್, ಕ್ಲಾಸ್ ಆಧಾರಿತ ವ್ಯೂ, ರೆಸ್ಟ್ ಫ್ರೇಮ್‌ವರ್ಕ್, ಅಸಿಂಕ್ ಎಂದು ಸಾಲು ಸಾಲು. ಎಲ್ಲಿಂದ ಹಿಡಿಯಬೇಕೋ ತಿಳಿಯುತ್ತಿಲ್ಲ. ಮಾವನ ಅಡತಿ ಅಂಗಡಿಗೆ ಭತ್ತ, ಹತ್ತಿಯ ಲೆಕ್ಕಪಟ್ಟಿ ಬರೆಯುವ ಸಾಫ್ಟ್‌ವೇರ್ ಮಾಡಿಕೊಡುವ ಆಸೆ ಇದೆ. ಲ್ಯಾಪ್‌ಟಾಪ್ 4 ಜಿಬಿಯದು, ಇಂಟರ್‌ನೆಟ್ ಮೊಬೈಲ್ ಹಾಟ್‌ಸ್ಪಾಟ್‌ನಿಂದ. ಕೆಲಸದಲ್ಲಿ ಬಳಸಿದವರು ಹೇಳಿ: ಯಾವ ಫೀಚರ್ ಮೊದಲು, ಯಾವುದನ್ನು ಸದ್ಯಕ್ಕೆ ಬಿಟ್ಟರೂ ನಡೆಯುತ್ತದೆ?

ರಾಯಚೂರಿನಿಂದ

ಅಡತಿ ಅಂಗಡಿಯ ಲೆಕ್ಕ ಅಂದಿರಲ್ಲ, ಅದನ್ನೇ ಗಟ್ಟಿಯಾಗಿ ಹಿಡಿಯಿರಿ. ಫೀಚರ್‌ಗಳ ಪಟ್ಟಿ ಇಟ್ಟುಕೊಂಡು ಒಂದೊಂದೇ ಕಲಿಯುತ್ತಾ ಹೋದರೆ ಜಾಂಗೋ ಎಂದಿಗೂ ಮುಗಿಯುವುದಿಲ್ಲ. ಕೆಲಸ ಹಿಡಿದು ಹೋದರೆ ಯಾವ ಫೀಚರ್ ಯಾವಾಗ ಬೇಕೆಂದು ಆ ಕೆಲಸವೇ ಕೇಳುತ್ತದೆ. ನಾನು ಇಲ್ಲಿ ರಾಜೇಂದ್ರ ಗಂಜ್‌ನ ಅಂಗಡಿಗಳಿಗೆ ಇಂಥದ್ದೇ ಸಾಫ್ಟ್‌ವೇರ್ ಮಾಡಿಕೊಟ್ಟಿರುವುದರಿಂದ ಈ ಮಾತು ಹೇಳುತ್ತಿದ್ದೇನೆ.

ಆವೃತ್ತಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ. 2025ರ ಏಪ್ರಿಲ್‌ನಲ್ಲಿ ಬಂದ 5.2 ದೀರ್ಘಾವಧಿ ಬೆಂಬಲದ ಆವೃತ್ತಿ. 2028ರ ಏಪ್ರಿಲ್‌ವರೆಗೆ ಅದಕ್ಕೆ ಭದ್ರತಾ ತಿದ್ದುಪಡಿಗಳು ಬರುತ್ತವೆ. ಪೈಥಾನ್ 3.10 ಅಥವಾ ಅದಕ್ಕಿಂತ ಹೊಸದು ಇರಬೇಕು. ಯೂಟ್ಯೂಬ್ ವಿಡಿಯೋ ನೋಡಿ ಕಲಿಯುತ್ತಿದ್ದರೆ ಅದು ಯಾವ ಆವೃತ್ತಿಯದು ಎಂದು ಮೊದಲು ನೋಡಿ. ಹಳೆಯ ಪಾಠಗಳಲ್ಲಿ ಒಂದು ಕೋಷ್ಟಕವನ್ನು ಇನ್ನೊಂದಕ್ಕೆ ಜೋಡಿಸುವ ಫಾರಿನ್ ಕೀ ಬರೆಯುವಾಗ ‘ಆನ್ ಡಿಲೀಟ್’ ಇರುವುದಿಲ್ಲ, ಆದರೆ 2.0ರಿಂದ ಅದು ಕಡ್ಡಾಯ. ವಿಳಾಸಗಳಿಗೆ ಬಳಸುತ್ತಿದ್ದ ಹಳೆಯ ‘ಯುಆರ್‌ಎಲ್’ ಫಂಕ್ಷನ್ 4.0ರಲ್ಲಿ ಹೋಗಿಯೇಬಿಟ್ಟಿತು. ಇದು ಗೊತ್ತಿಲ್ಲದ ಹುಡುಗರು ತಮಗೇ ಏನೋ ಬರುವುದಿಲ್ಲ ಎಂದುಕೊಂಡು ಕೈಬಿಡುವುದನ್ನು ಕಂಡಿದ್ದೇನೆ. ಬೇಸರವಾಗುತ್ತದೆ, ತಪ್ಪು ಅವರದಲ್ಲ.

ಈಗ ಮುಖ್ಯ ವಿಷಯ. ಮೊದಲು ಮಾಡೆಲ್, ಅಂದರೆ ಯಾವ ಮಾಹಿತಿಯನ್ನು ಡೇಟಾಬೇಸ್‌ನಲ್ಲಿ ಹೇಗೆ ಇಡಬೇಕೆಂಬ ನಕ್ಷೆ. ಲ್ಯಾಪ್‌ಟಾಪ್ ತೆರೆಯುವ ಮುಂಚೆ ಮಾವನ ಹಳೆಯ ಪಟ್ಟಿ ಪುಸ್ತಕ (ರೈತನಿಗೆ ಕೊಡುವ ಲೆಕ್ಕದ ಚೀಟಿಗಳದು) ತೆಗೆದುಕೊಂಡು ಕೂತುಕೊಳ್ಳಿ. ರೈತ, ಅವನ ಊರು, ಪಟ್ಟಿ, ಪಟ್ಟಿಯೊಳಗಿನ ತೂಕದ ಸಾಲುಗಳು, ಹಮಾಲಿ, ದಲಾಲಿಯಂಥ ಖರ್ಚಿನ ಸಾಲುಗಳು: ಇಷ್ಟು ಮಾಡೆಲ್ ಅದರಲ್ಲೇ ಕಾಣುತ್ತವೆ. ತೂಕಕ್ಕೂ ಹಣಕ್ಕೂ ಫ್ಲೋಟ್ ಫೀಲ್ಡ್ ಬೇಡವೇ ಬೇಡ, ಡೆಸಿಮಲ್ ಫೀಲ್ಡ್ ಇಡಿ. ಪೈಥಾನ್‌ನಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ, 0.30000000000000004 ಎಂದು ತೋರಿಸುತ್ತದೆ. ನಮ್ಮಲ್ಲಿ ಭತ್ತದ ದರ 75 ಕೆ.ಜಿ. ಚೀಲದ ಲೆಕ್ಕದಲ್ಲಿ ನಡೆಯುತ್ತದೆ, ಬೇರೆ ಕಡೆ ಕ್ವಿಂಟಲ್ ಲೆಕ್ಕ. ದರ ಯಾವ ಅಳತೆಗೆ ಎನ್ನುವುದನ್ನೂ ಒಂದು ಫೀಲ್ಡ್ ಆಗಿ ಇಟ್ಟರೆ ಮುಂದೆ ಜಗಳ ಬರುವುದಿಲ್ಲ.

ಎರಡನೆಯದು ಆಡ್ಮಿನ್, ಅಂದರೆ ಡೇಟಾ ತುಂಬಲು ಜಾಂಗೋ ತಾನೇ ಮಾಡಿಕೊಡುವ ಪುಟಗಳು. ಇದನ್ನು ಬಹಳ ಜನ ಆಟದ ಸಾಮಾನಿನಂತೆ ನೋಡಿ ಮುಂದೆ ಹೋಗುತ್ತಾರೆ. ಜಾಂಗೋ ಹುಟ್ಟಿದ್ದೇ ಅಮೆರಿಕದ ಕ್ಯಾನ್ಸಸ್‌ನ ಲಾರೆನ್ಸ್ ಜರ್ನಲ್-ವರ್ಲ್ಡ್ ಎಂಬ ಪತ್ರಿಕೆಯ ವೆಬ್ ವಿಭಾಗದಲ್ಲಿ. ಏಡ್ರಿಯನ್ ಹೊಲೊವಾಟಿ, ಸೈಮನ್ ವಿಲಿಸನ್ 2003ರಲ್ಲಿ ಆರಂಭಿಸಿದರು, 2005ರ ಜುಲೈನಲ್ಲಿ ಎಲ್ಲರಿಗೂ ಮುಕ್ತವಾಯಿತು. ಪ್ರೋಗ್ರಾಮಿಂಗ್ ಗೊತ್ತಿಲ್ಲದ ಪತ್ರಿಕೆಯ ಸಿಬ್ಬಂದಿ ಸುದ್ದಿ ತುಂಬಬೇಕಿತ್ತು, ಅದೂ ಗಡುವಿನೊಳಗೆ. ಅಡತಿ ಅಂಗಡಿಯ ಗುಮಾಸ್ತರ ಸ್ಥಿತಿಯೂ ಅದೇ ಅಲ್ಲವೇ? ಪಟ್ಟಿಯ ಪುಟದಲ್ಲೇ ತೂಕದ ಸಾಲುಗಳನ್ನು ತುಂಬಲು ‘ಟ್ಯಾಬ್ಯುಲರ್ ಇನ್‌ಲೈನ್’ ಹಾಕಿ. ರೈತರ ಹೆಸರಿಗೆ ‘ಆಟೋಕಂಪ್ಲೀಟ್ ಫೀಲ್ಡ್ಸ್’ ಹಾಕದಿದ್ದರೆ ಸಾವಿರಾರು ಹೆಸರುಗಳ ಡ್ರಾಪ್‌ಡೌನ್ ಪ್ರತಿ ಸಲ ಪೂರ್ತಿ ಲೋಡ್ ಆಗುತ್ತದೆ. ಹಾಟ್‌ಸ್ಪಾಟ್‌ನಲ್ಲಿ ಅದು ತಡೆಯುವುದಿಲ್ಲ. ಒಂದೂ ಎಚ್‌ಟಿಎಂಎಲ್ ಪುಟ ಬರೆಯದೆ ಅಂಗಡಿಯ ಒಳಗಿನ ಕೆಲಸ ಪೂರ್ತಿ ಆಡ್ಮಿನ್‌ನಲ್ಲೇ ನಡೆಯುವುದು ನನಗೆ ಗೊತ್ತು.

ಮೂರನೆಯದು ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ. ಇಲ್ಲಿ ನಿಧಾನ ಮಾಡಿ, ಏಕೆಂದರೆ ಸಂದರ್ಶನದಲ್ಲೂ ಕೆಲಸದಲ್ಲೂ ನಿಮ್ಮನ್ನು ಬೇರೆಯವರಿಂದ ಎತ್ತಿ ತೋರಿಸುವುದು ಇದೇ. 200 ಪಟ್ಟಿಗಳ ಪುಟ ಇದೆ, ಪ್ರತಿಯೊಂದರ ಎದುರು ರೈತನ ಹೆಸರು, ಊರು ತೋರಿಸುತ್ತೀರಿ ಎಂದಿಟ್ಟುಕೊಳ್ಳಿ. ಸುಮ್ಮನೆ ಬರೆದರೆ ಪಟ್ಟಿಗಳಿಗೆ 1 ಕ್ವೆರಿ, ರೈತರಿಗೆ 200, ಊರುಗಳಿಗೆ ಇನ್ನೂ 200, ಒಟ್ಟು 401. ‘ಸೆಲೆಕ್ಟ್ ರಿಲೇಟೆಡ್’ನಲ್ಲಿ ರೈತ, ಊರು ಎರಡನ್ನೂ ಹೇಳಿದರೆ ಕೋಷ್ಟಕಗಳನ್ನು ಜಾಯಿನ್ ಮಾಡಿ (ಜೋಡಿಸಿ) ಒಂದೇ ಕ್ವೆರಿಯಲ್ಲಿ ತರುತ್ತದೆ. ಒಂದು ಪಟ್ಟಿಗೆ ಹಲವು ತೂಕದ ಸಾಲುಗಳಿರುವ ಕಡೆ ‘ಪ್ರಿಫೆಚ್ ರಿಲೇಟೆಡ್’ ಬೇಕು; ಅದು ಇನ್ನೊಂದೇ ಕ್ವೆರಿಯಲ್ಲಿ ಎಲ್ಲ ಸಾಲುಗಳನ್ನೂ ತಂದು ಪೈಥಾನ್ ಕಡೆ ಜೋಡಿಸುತ್ತದೆ. ಈ ಎರಡರ ವ್ಯತ್ಯಾಸವನ್ನು ಓದಿ ಬಾಯಿಪಾಠ ಮಾಡಬೇಡಿ. ಡೀಬಗ್ ಟೂಲ್‌ಬಾರ್ ಹಾಕಿಕೊಂಡು ಜಾಂಗೋ ಡೇಟಾಬೇಸ್‌ನ ಭಾಷೆಯಲ್ಲಿ ಬರೆದ ಎಸ್‌ಕ್ಯೂಎಲ್ ಅನ್ನು ಕಣ್ಣಾರೆ ನೋಡಿ. ಪೈಥಾನ್ ಸಾಲು ಚಿಕ್ಕದಾಗಿದ್ದರೂ ಅದರ ಹಿಂದೆ ಏನು ನಡೆಯಿತು ಎಂಬುದು ಅಲ್ಲಿ ಮಾತ್ರ ಕಾಣುತ್ತದೆ.

ಲೆಕ್ಕದ ಸಾಫ್ಟ್‌ವೇರ್ ಆದ್ದರಿಂದ ಇನ್ನೊಂದು. ಪ್ರತಿ ಪಟ್ಟಿಗೂ ಮೊತ್ತ ಸೇರಿಸಿಕೊಡುವ ‘ಆ್ಯನೊಟೇಟ್’ ಒಂದರಲ್ಲೇ ತೂಕದ ಮೊತ್ತವನ್ನೂ ಖರ್ಚಿನ ಮೊತ್ತವನ್ನೂ ಕೇಳಬೇಡಿ. ಒಂದು ಪಟ್ಟಿಗೆ 3 ತೂಕದ ಸಾಲು, 2 ಖರ್ಚಿನ ಸಾಲು ಇದ್ದರೆ ಜಾಯಿನ್‌ನಲ್ಲಿ 6 ಸಾಲುಗಳಾಗುತ್ತವೆ. ತೂಕ ಎರಡು ಪಟ್ಟು, ಖರ್ಚು ಮೂರು ಪಟ್ಟು ಬರುತ್ತದೆ. ಎರರ್ ಬರುವುದಿಲ್ಲ, ತಪ್ಪು ಅಂಕಿ ಮಾತ್ರ ಬರುತ್ತದೆ, ರೈತನ ಕೈಗೆ ಹೋಗುವ ಕಾಗದದ ಮೇಲೆ. ಒಂದೊಂದು ಮೊತ್ತಕ್ಕೂ ಬೇರೆ ‘ಸಬ್‌ಕ್ವೆರಿ’ ಬರೆಯಿರಿ, ಮತ್ತು ಇದಕ್ಕೆ ಒಂದು ಟೆಸ್ಟ್ ಬರೆಯಿರಿ. ಟೆಸ್ಟ್ ಬರೆಯುವುದನ್ನು ಇಲ್ಲಿಂದಲೇ ಆರಂಭಿಸಿದರೆ ಅದು ಯಾಕೆ ಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಗಂಗಾವತಿಯಿಂದ

ರಾಯಚೂರಿನವರು ಹೇಳಿದ್ದು ಖರೆ ಐತಿ. ನಾನು ರೈಸ್ ಮಿಲ್‌ನ ದಾಸ್ತಾನು ನೋಡೋ ಸಾಫ್ಟ್‌ವೇರ್ ಮ್ಯಾಲೆ ಕೆಲಸ ಮಾಡಾಕತ್ತೀನಿ. ಮೈಗ್ರೇಷನ್ ಅಂದ್ರ ಮಾಡೆಲ್ ಬದಲಾದಾಗ ಡೇಟಾಬೇಸನ್ನೂ ಬದಲು ಮಾಡೋ ಫೈಲ್; ಅದರ ಬಗ್ಗೆ ಅವರು ಏನೂ ಹೇಳಿಲ್ಲ, ಅದಕ್ಕ ಬರೀತೀನಿ.

ಪ್ರಾಜೆಕ್ಟ್ ಶುರು ಮಾಡಿದ ದಿನಾನೇ, ಮೊದಲನೇ ‘ಮೈಗ್ರೇಟ್’ ಕೊಡೋಕಿಂತ ಮುಂಚೆ, ನಿಮ್ಮದೇ ಯೂಸರ್ ಮಾಡೆಲ್ ಮಾಡಿ ಸೆಟ್ಟಿಂಗ್ಸ್‌ನ್ಯಾಗ ಹಾಕ್ರಿ. ಒಳಗ ಏನೂ ಇರದಿದ್ರೂ ನಡೀತದ. ಆಮ್ಯಾಲೆ ಬದಲು ಮಾಡೋದು ಭಾಳ ತ್ರಾಸು, ಜಾಂಗೋದ ಕೈಪಿಡಿಯೊಳಗ ಅವರೇ ಹಂಗ ಬರದಾರ.

ಫೀಲ್ಡ್ ಹೆಸರು ಬದಲು ಮಾಡಿದಾಗ ‘ಮೇಕ್‌ಮೈಗ್ರೇಷನ್ಸ್’ ಒಂದು ಪ್ರಶ್ನೆ ಕೇಳ್ತದ: ಹೆಸರು ಬದಲು ಮಾಡೀರೇನು? ಸರಿಯಾಗಿ ಓದ್ರಿ. ಅಲ್ಲ ಅಂತ ಒತ್ತಿದ್ರ ಹಳೇ ಕಾಲಮ್ ಅಳಿಸಿ ಹೊಸದು ಖಾಲಿ ಮಾಡಿಕೊಡ್ತದ, ಒಳಗಿದ್ದ ಡೇಟಾ ಹೋತು. ಮೈಗ್ರೇಷನ್ ಫೈಲ್ ತೆರೆದು ಅದರಾಗ ‘ರಿನೇಮ್ ಫೀಲ್ಡ್’ ಐತೋ, ‘ರಿಮೂವ್ ಫೀಲ್ಡ್’ ಐತೋ ನೋಡಿದ ಮ್ಯಾಲೇ ‘ಮೈಗ್ರೇಟ್’ ಕೊಡ್ರಿ. ‘ಎಸ್‌ಕ್ಯೂಎಲ್‌ಮೈಗ್ರೇಟ್’ ಕಮಾಂಡ್ ಕೊಟ್ಟರ ಡೇಟಾಬೇಸ್‌ಗೆ ಏನು ಹೋಗ್ತದ ಅಂತ ಪೂರ್ತಿ ತೋರಸ್ತದ. ಆ ಫೈಲ್‌ಗಳನ್ನ ಕೋಡ್‌ನ ಇತಿಹಾಸ ಇಡೋ ಗಿಟ್‌ನ್ಯಾಗ ಇಡ್ರಿ, ಅಳಿಸಬ್ಯಾಡ್ರಿ. ‘ಎಲ್ಲಾ ಮೈಗ್ರೇಷನ್ ಫೈಲ್ ಅಳಿಸಿ ಮತ್ತ ಶುರು ಮಾಡು’ ಅನ್ನೋ ಸಲಹೆ ಬೇಕಾದಷ್ಟು ಕಡೆ ಸಿಗ್ತದ. ರೈತರ ಲೆಕ್ಕ ತುಂಬಿದ ಡೇಟಾಬೇಸ್ ಮ್ಯಾಲೆ ಅದನ್ನ ಮಾಡೋ ಹಂಗಿಲ್ಲ.

ಮತ್ತ, ಟೈಮ್ ಝೋನ್. ಹೊಸ ಪ್ರಾಜೆಕ್ಟ್‌ನ್ಯಾಗ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಇರ್ತದ, ಅದನ್ನ ‘ಏಷ್ಯಾ/ಕೋಲ್ಕತ್ತಾ’ ಮಾಡ್ರಿ. ಸುಗ್ಗಿಯಾಗ ಲಾರಿ ನಸುಕಿನ್ಯಾಗ ಬರ್ತಾವು. ಬೆಳಿಗ್ಗೆ 4 ಗಂಟೆ ಅಂದ್ರ ಯುಟಿಸಿಯೊಳಗ ಹಿಂದಿನ ದಿನ ರಾತ್ರಿ 10.30. ದಿನದ ವರದಿ ತೆಗೆದ್ರ ಆ ಲಾರಿ ನಿನ್ನೆ ಲೆಕ್ಕದಾಗ ಕುಂತಿರ್ತದ. ಇವತ್ತಿನ ತಾರೀಖು ಬೇಕಾದ್ರ ಪೈಥಾನ್‌ನ ‘ಟುಡೇ’ ಬಿಟ್ಟು ಜಾಂಗೋದ ‘ಲೋಕಲ್‌ಡೇಟ್’ ಬಳಸ್ರಿ.

ಬಳ್ಳಾರಿಯಿಂದ

ನಾನಿರುವುದು ಜೀನ್ಸ್ ಘಟಕಗಳ ನಡುವೆ. ಕಟಿಂಗ್ ಆದ ಮಾಲು ಹೊಲಿಗೆಗೆ ಒಬ್ಬರ ಬಳಿ, ವಾಷಿಂಗ್‌ಗೆ ಇನ್ನೊಬ್ಬರ ಬಳಿ ಹೋಗುತ್ತದೆ. ಎಲ್ಲಿ ಎಷ್ಟು ಪೀಸ್ ಇದೆ ಎಂಬುದೇ ನಮ್ಮ ಸಾಫ್ಟ್‌ವೇರ್‌ನ ಕೆಲಸ. ಇಬ್ಬರು ಒಂದೇ ಹೊತ್ತಿಗೆ ಒಂದೇ ದಾಸ್ತಾನಿನಿಂದ ಮಾಲು ಕೊಟ್ಟರೆ ಏನಾಗುತ್ತದೆ? ಇಬ್ಬರಿಗೂ 100 ಎಂದು ಕಾಣುತ್ತದೆ, ಒಬ್ಬ 40 ಕಳೆದು 60 ಎಂದು ಉಳಿಸುತ್ತಾನೆ, ಇನ್ನೊಬ್ಬ 30 ಕಳೆದು 70 ಎಂದು ಅದರ ಮೇಲೆ ಬರೆಯುತ್ತಾನೆ. 40 ಪೀಸ್ ಲೆಕ್ಕದಿಂದಲೇ ಮಾಯ.

ಇದಕ್ಕೆ ‘ಎಫ್ ಎಕ್ಸ್‌ಪ್ರೆಶನ್’ ಕಲಿಯಿರಿ. ಸಂಖ್ಯೆಯನ್ನು ಪೈಥಾನ್‌ಗೆ ತಂದು ಕಳೆಯದೆ, ‘ಈಗ ಎಷ್ಟಿದೆಯೋ ಅದರಲ್ಲಿ 40 ಕಳೆ’ ಎಂದು ಡೇಟಾಬೇಸ್‌ಗೇ ಹೇಳುವುದು. ಫಿಲ್ಟರ್‌ನಲ್ಲಿ ‘40 ಅಥವಾ ಹೆಚ್ಚು ಇದ್ದರೆ’ ಎಂಬ ಷರತ್ತು ಸೇರಿಸಿ ‘ಅಪ್‌ಡೇಟ್’ ಕೊಟ್ಟರೆ ಎಷ್ಟು ಸಾಲು ಬದಲಾಯಿತೆಂದು ಅದು ತಿಳಿಸುತ್ತದೆ. 0 ಬಂದರೆ ಮಾಲು ಸಾಲದು ಎಂದರ್ಥ. ಇನ್ನೂ ಗೋಜಲಾದ ಕಡೆ ಎಲ್ಲ ಬದಲಾವಣೆ ಒಟ್ಟಿಗೇ ಆಗುವ, ಇಲ್ಲವೇ ಒಂದೂ ಆಗದ ‘ಟ್ರಾನ್ಸಾಕ್ಷನ್ ಅಟಾಮಿಕ್’ ಒಳಗೆ ‘ಸೆಲೆಕ್ಟ್ ಫಾರ್ ಅಪ್‌ಡೇಟ್’ ಬಳಸಿ ಸಾಲನ್ನು ಹಿಡಿದಿಡಬಹುದು. ಆದರೆ ಗಮನಿಸಿ, ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್‌ನಲ್ಲಿ ಆ ಕೊನೆಯದು ಕೆಲಸ ಮಾಡುವುದಿಲ್ಲ, ಎರರನ್ನೂ ಕೊಡುವುದಿಲ್ಲ. ಕಲಿಯಲು 4 ಜಿಬಿ ಲ್ಯಾಪ್‌ಟಾಪ್‌ಗೆ ಎಸ್‌ಕ್ಯೂಲೈಟ್ ಸಾಕು, ಅಂಗಡಿಯಲ್ಲಿ ನಿಲ್ಲಿಸುವಾಗ ಪೋಸ್ಟ್‌ಗ್ರೆಸ್ ಎಂಬ ದೊಡ್ಡ ಡೇಟಾಬೇಸ್‌ಗೆ ಹೋಗಿ.

ರೈತನಿಗೆ ಎಸ್‌ಎಂಎಸ್ ಕಳಿಸುವ ಯೋಚನೆ ಇದ್ದರೆ ಅದನ್ನು ‘ಆನ್ ಕಮಿಟ್’ನಲ್ಲಿ ಇಡಿ. ಪಟ್ಟಿ ಡೇಟಾಬೇಸ್‌ನಲ್ಲಿ ಖಚಿತವಾಗಿ ಉಳಿದ ಮೇಲೆಯೇ ಸಂದೇಶ ಹೋಗುತ್ತದೆ.

ಕೊಪ್ಪಳದಿಂದ

ನಾನು ಹೇಳುವುದು ಕನ್ನಡಕ್ಕೆ ಸಂಬಂಧಿಸಿದ್ದು. ಹೆಸರು, ಊರುಗಳನ್ನು ಕನ್ನಡದಲ್ಲೇ ತುಂಬಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ; ತಮ್ಮ ಲಿಪಿಯಲ್ಲಿ ಹೆಸರು ಕಂಡರೆ ರೈತರು ಪಟ್ಟಿಯನ್ನು ತಾವೇ ಓದಿ ಪರೀಕ್ಷಿಸುತ್ತಾರೆ. ಜಾಂಗೋದ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಆದರೆ ಒಂದು ಕಡೆ ಕೈಕೊಡುತ್ತದೆ, ಸ್ಲಗ್‌ನಲ್ಲಿ, ಅಂದರೆ ಹೆಸರಿನಿಂದ ಮಾಡುವ ವೆಬ್ ವಿಳಾಸದ ತುಣುಕಿನಲ್ಲಿ. ‘ಸ್ಲಗಿಫೈ’ಗೆ ರಾಯಚೂರು ಎಂದು ಕೊಟ್ಟರೆ ಬರುವುದು ಖಾಲಿ. ‘ಅಲೌ ಯೂನಿಕೋಡ್’ ಹಾಕಿದರೆ ಸರಿಹೋಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಆಗ ಬರುವುದು ‘ರಯಚರ’. ಬಳ್ಳಾರಿ ‘ಬಳಳರ’ ಆಗುತ್ತದೆ. ಕಾರಣ ಇಷ್ಟೇ: ಅಕ್ಷರವಲ್ಲದ್ದನ್ನು ತೆಗೆಯಲು ಅದು ಬಳಸುವ ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್ ನಮ್ಮ ಸ್ವರಚಿಹ್ನೆಗಳನ್ನೂ ಒತ್ತಕ್ಷರ ಮಾಡುವ ವಿರಾಮವನ್ನೂ (್) ಅಕ್ಷರವೆಂದು ಎಣಿಸುವುದಿಲ್ಲ. ಕಿನ್ನಾಳದ ಗೊಂಬೆಗಳ ಬಗ್ಗೆ ಒಂದು ತಾಣ ಮಾಡುವಾಗ ನಾನು ವಿಳಾಸದಲ್ಲಿ ಸಂಖ್ಯೆಯನ್ನೇ ಬಳಸಿದೆ, ಹೆಸರನ್ನು ಪುಟದಲ್ಲಿ ಕನ್ನಡದಲ್ಲಿ ತೋರಿಸಿದೆ. ನಿಮ್ಮ ಪಟ್ಟಿಗಳಿಗಂತೂ ಪಟ್ಟಿ ಸಂಖ್ಯೆಯೇ ಇದೆ.

ಪಠ್ಯ ಇಡುವ ಕ್ಯಾರ್ ಫೀಲ್ಡ್‌ನ ‘ಮ್ಯಾಕ್ಸ್ ಲೆಂತ್’ (ಗರಿಷ್ಠ ಉದ್ದ) ಕೂಡ ಹೀಗೆಯೇ. ಸಿಂಧನೂರು ನಮ್ಮ ಕಣ್ಣಿಗೆ 4 ಅಕ್ಷರ, ಯೂನಿಕೋಡ್ ಎಣಿಕೆಯಲ್ಲಿ 8. ಸ್ವಲ್ಪ ಉದಾರವಾಗಿ ಇಡಿ. ಎಸ್‌ಎಂಎಸ್‌ನಲ್ಲೂ ಇದೇ ಎಣಿಕೆ, ಕನ್ನಡದ ಒಂದು ಸಂದೇಶಕ್ಕೆ 70 ಮಾತ್ರ. ಇಂಗ್ಲಿಷ್‌ಗಿರುವ 160 ನಮಗಿಲ್ಲ.

ಇಂಟರ್‌ನೆಟ್ ಬಗ್ಗೆ: ಜಾಂಗೋದ ಪೂರ್ತಿ ಕೈಪಿಡಿಯನ್ನು ಪಿಡಿಎಫ್, ಇಪಬ್ ಅಥವಾ ಎಚ್‌ಟಿಎಂಎಲ್ ರೂಪದಲ್ಲಿ ಇಳಿಸಿಕೊಳ್ಳಬಹುದು. ಒಮ್ಮೆ ಇಳಿಸಿಕೊಂಡರೆ ಹಾಟ್‌ಸ್ಪಾಟ್ ಇಲ್ಲದೆ ಓದಬಹುದು. ಫ್ರೇಮ್‌ವರ್ಕ್‌ಗಳ ಕೈಪಿಡಿಗಳಲ್ಲಿ ಇಷ್ಟು ಅಚ್ಚುಕಟ್ಟಾದದ್ದು ನಾನು ಬೇರೆ ಕಂಡಿಲ್ಲ. ಅದರಲ್ಲೂ ಕ್ವೆರಿ, ಅಗ್ರಿಗೇಷನ್ ಕುರಿತ ಅಧ್ಯಾಯಗಳನ್ನು ಶೆಲ್ ತೆರೆದಿಟ್ಟುಕೊಂಡು, ನಿಮ್ಮ ಪಟ್ಟಿಯ ಡೇಟಾ ಮೇಲೆ ಒಂದೊಂದೇ ಮಾಡಿ ನೋಡುತ್ತಾ ಓದಿ.

ಮಾನ್ವಿಯಿಂದ

ಎಲ್ಲರಿಗೂ ಧನ್ಯವಾದ. ಮಾವನ ಪಟ್ಟಿ ಪುಸ್ತಕ ಇವತ್ತೇ ತರುತ್ತೇನೆ. ಸಿಗ್ನಲ್, ರೆಸ್ಟ್ ಫ್ರೇಮ್‌ವರ್ಕ್, ಅಸಿಂಕ್ ಬಗ್ಗೆ ಯಾರೂ ಹೇಳಲಿಲ್ಲ. ಬೇಡ ಎಂದು ತಿಳಿಯಲೇ?

ರಾಯಚೂರಿನಿಂದ

ಈ ಕೆಲಸಕ್ಕೆ ಸದ್ಯ ಬೇಡ. ತೂಕದ ಸಾಲು ಉಳಿಸಿದಾಗ ಪಟ್ಟಿಯ ಮೊತ್ತ ತಾನೇ ಬದಲಾಗಲಿ ಎಂದು ಸಿಗ್ನಲ್ (ಉಳಿಸಿದ ಕೂಡಲೇ ತಾನೇ ಓಡುವ ಕೋಡ್) ಬಳಸಲು ಮನಸ್ಸಾಗುತ್ತದೆ. ಆದರೆ ‘ಅಪ್‌ಡೇಟ್’, ‘ಬಲ್ಕ್ ಕ್ರಿಯೇಟ್’ ಮಾಡಿದಾಗ ಸೇವ್ ಸಿಗ್ನಲ್ ಹೊರಡುವುದೇ ಇಲ್ಲ, ಮೊತ್ತ ಹಳೆಯದೇ ಉಳಿಯುತ್ತದೆ. ಮೊತ್ತವನ್ನು ಕ್ವೆರಿಯಲ್ಲೇ ಲೆಕ್ಕ ಹಾಕಿ, ಇಲ್ಲವೇ ಎಲ್ಲರಿಗೂ ಕಾಣುವಂತೆ ಒಂದು ಸಾದಾ ಫಂಕ್ಷನ್ ಬರೆದು ಅದನ್ನೇ ಕರೆಯಿರಿ. ಒಂದೇ ಸಾಲಿನೊಳಗಿನ ಲೆಕ್ಕಕ್ಕೆ, ಅಂದರೆ ಒಟ್ಟು ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದು ನಿವ್ವಳ ತೂಕ ತೆಗೆಯುವಂಥದ್ದಕ್ಕೆ, 5.0ರಿಂದ ‘ಜನರೇಟೆಡ್ ಫೀಲ್ಡ್’ ಇದೆ. ಲೆಕ್ಕವನ್ನು ಡೇಟಾಬೇಸೇ ಮಾಡಿ ಇಡುತ್ತದೆ, ಯಾರೂ ಮರೆಯುವ ಹಾಗಿಲ್ಲ.

ರೆಸ್ಟ್ ಫ್ರೇಮ್‌ವರ್ಕ್ ಬೇಕಾಗುವುದು ಮೊಬೈಲ್ ಆ್ಯಪ್ ಬಂದಾಗ. ಕೆಲಸ ಹುಡುಕುವಾಗ ಅದನ್ನು ಕೇಳುತ್ತಾರೆ, ಹಾಗಾಗಿ ಅಂಗಡಿಯ ಸಾಫ್ಟ್‌ವೇರ್ ಓಡಲು ಶುರುವಾದ ಮೇಲೆ ಇದೇ ಮಾಡೆಲ್‌ಗಳ ಮೇಲೆ ಕಲಿಯಿರಿ. ಹೊಸ ಉದಾಹರಣೆ ಹುಡುಕಬೇಕಾಗಿಲ್ಲ. ಅಸಿಂಕ್ ಅನ್ನು ಪಕ್ಕಕ್ಕಿಡಿ. ಮಾಡೆಲ್‌ಗಳನ್ನು ಬರೆದ ಮೇಲೆ ಇಲ್ಲಿ ಹಾಕಿ, ಮೊದಲ ಮೈಗ್ರೇಷನ್ ಕೊಡುವ ಮುಂಚೆ ನಾವೆಲ್ಲ ಒಮ್ಮೆ ನೋಡುತ್ತೇವೆ.