ಹಳೇ ಡಿಸ್ಕ್ ತೆಗೆದರೆ ಕಂಪ್ಯೂಟರ್ ಏಳುವುದೇ ಇಲ್ಲ (ಎಸ್‌ಎಸ್‌ಡಿಗೆ ಕ್ಲೋನ್ ಮಾಡಿದ ಮೇಲೆ)

ಡಿಟಿಪಿ_ದಾವಣಗೆರೆ:
ನಮಸ್ಕಾರ. ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ 10, 500 ಜಿಬಿ ಹಾರ್ಡ್ ಡಿಸ್ಕ್. ಬೆಳಿಗ್ಗೆ ಆನ್ ಮಾಡಿ, ಅಂಗಡಿ ಗುಡಿಸಿ, ಊದಿನಕಡ್ಡಿ ಹಚ್ಚಿ ಬಂದರೂ ಚಕ್ರ ತಿರುಗುತ್ತಲೇ ಇರುತ್ತಿತ್ತು. ಅದಕ್ಕೇ 480 ಜಿಬಿ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ ಡಿಸ್ಕ್) ತಂದು ಸಿ ಡ್ರೈವ್ ಅದಕ್ಕೆ ಕ್ಲೋನ್, ಅಂದ್ರೆ ಇದ್ದ ಹಾಗೇ ನಕಲು, ಮಾಡಿದೆ. ನೂರು ಪರ್ಸೆಂಟ್ ಆಯ್ತು ಅಂತಲೇ ತೋರಿಸಿತು.

ಎರಡೂ ಡಿಸ್ಕ್ ಇದ್ದರೆ ವಿಂಡೋಸ್ ಬರುತ್ತೆ. ಹಳೆಯದರ ಕೇಬಲ್ ಕಿತ್ತರೆ ಕಪ್ಪು ಪರದೆ, 'ರೀಬೂಟ್ ಆಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್'. ಎರಡು ದಿನದಿಂದ ಎರಡನ್ನೂ ಸಿಕ್ಕಿಸಿಕೊಂಡೇ ಕೆಲಸ ನಡೆಸಿದ್ದೇನೆ. ಆದರೆ ಸ್ಪೀಡ್ ಏನೂ ಜಾಸ್ತಿ ಆದ ಹಾಗಿಲ್ಲ.

ಹೊಸದಾಗಿ ವಿಂಡೋಸ್ ಹಾಕಿ ಅಂತ ಮಾತ್ರ ಹೇಳಬೇಡಿ. ಹಳೇ ಪೇಜ್‌ಮೇಕರ್, ನುಡಿ ಫಾಂಟ್, ಪ್ರಿಂಟರ್ ಸೆಟ್ಟಿಂಗ್, ಎಲ್ಲ ಮತ್ತೆ ಕೂರಿಸೋಕೆ ಒಂದು ವಾರ ಬೇಕು. ಈಗ ಮದುವೆ ಸೀಸನ್.

ಸುಮ್ನೆ_ಬಂದವ:
ಹೊಸದಾಗಿ ವಿಂಡೋಸ್ ಹಾಕಿಬಿಡಿ ಅಣ್ಣ, ಅರ್ಧ ಗಂಟೆ ಕೆಲಸ.

ಸ್ಕ್ರೂಡ್ರೈವರ್:
ಮೇಲಿನವರು ಪ್ರಶ್ನೆ ಓದಿಲ್ಲ, ಬಿಡಿ. ವಿಂಡೋಸ್‌ನಲ್ಲೇ ಇರೋ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದು ನೋಡಿ. 'ಬೂಟ್' (ಈಗ ಓಡುತ್ತಿರೋ ವಿಂಡೋಸ್ ಇರೋ ಜಾಗ) ಅನ್ನೋ ಪದ ಯಾವ ಡಿಸ್ಕ್‌ನ ಪಾರ್ಟಿಶನ್ (ಡಿಸ್ಕ್‌ನ ಭಾಗ) ಮೇಲಿದೆ? 500 ಜಿಬಿಯದು 465 ಅಂತಲೂ 480ರದ್ದು 447 ಅಂತಲೂ ಕಾಣುತ್ತೆ, ಅದರಿಂದಲೇ ಗುರುತು ಹಿಡಿಯಬಹುದು. ಹಾಗೇ 'ಇಎಫ್‌ಐ ಸಿಸ್ಟಮ್ ಪಾರ್ಟಿಶನ್' ಎಷ್ಟು ಕಡೆ ಇದೆ ಹೇಳಿ.

ಡಿಟಿಪಿ_ದಾವಣಗೆರೆ:
ಬೂಟ್ ಅಂತ ಇರೋದು 465ರ ಮೇಲೆ. ಇಎಫ್‌ಐ, 100 ಎಂಬಿಯದು, ಅದೂ ಅಲ್ಲೇ. ಎಸ್‌ಎಸ್‌ಡಿಯಲ್ಲಿ ಒಂದೇ ದೊಡ್ಡ ಪಾರ್ಟಿಶನ್, ಇ ಅಂತ ಕೂತಿದೆ. ಅಂದ್ರೆ ಇಷ್ಟು ದಿನ ಹಳೇದರಲ್ಲೇ ಓಡಿಸ್ತಿದ್ನಾ?

ಸ್ಕ್ರೂಡ್ರೈವರ್:
ಹೌದು, ಅದಕ್ಕೇ ಸ್ಪೀಡ್ ಬಂದಿಲ್ಲ. ನೀವು ಮನೆ ಸಾಮಾನೆಲ್ಲ ಸಾಗಿಸಿ ಬೀಗದ ಕೈ ಹಳೇ ಮನೆಯಲ್ಲೇ ಬಿಟ್ಟು ಬಂದಿದ್ದೀರಿ. ವಿಂಡೋಸನ್ನು ಎಬ್ಬಿಸುವ ಫೈಲುಗಳು ಆ 100 ಎಂಬಿಯಲ್ಲಿವೆ, ಸಿ ಡ್ರೈವ್‌ನಲ್ಲಲ್ಲ. ಕ್ಲೋನ್ ಮಾಡುವಾಗ ಇಡೀ ಡಿಸ್ಕ್ ಆರಿಸಬೇಕಿತ್ತು.

ಮತ್ತೆ ಕ್ಲೋನ್ ಮಾಡಬಹುದು. ಬೇಡ ಅಂದ್ರೆ ಹೀಗೆ. ಹಳೇ ಡಿಸ್ಕ್‌ನ ಕೇಬಲ್ ಕೀಳಿ. ಇದನ್ನು ಮರೆಯಬೇಡಿ, ತಪ್ಪು ಡಿಸ್ಕ್ ಮೇಲೆ ಕೈ ಇಟ್ಟರೆ ಎಲ್ಲ ಹೋಗುತ್ತೆ. 8 ಜಿಬಿ ಪೆನ್‌ಡ್ರೈವ್‌ಗೆ ವಿಂಡೋಸ್ ಇನ್‌ಸ್ಟಾಲರ್ ಹಾಕಿ, ಅದರಿಂದ ಯುಇಎಫ್‌ಐ ಮೋಡ್‌ನಲ್ಲೇ (ಇಎಫ್‌ಐ ಪಾರ್ಟಿಶನ್ ಬಳಸುವ ಬೂಟ್ ವಿಧಾನ) ಬೂಟ್ ಮಾಡಿ. ಮೊದಲ ಪರದೆಯಲ್ಲಿ ಶಿಫ್ಟ್ ಮತ್ತು ಎಫ್10 ಒತ್ತಿದರೆ ಕಪ್ಪು ಕಿಟಕಿ ಬರುತ್ತೆ. ಅಲ್ಲಿ ಡಿಸ್ಕ್‌ಪಾರ್ಟ್‌ಗೆ (ಡಿಸ್ಕ್ ಭಾಗ ಮಾಡುವ ಕಮಾಂಡ್) ಹೋಗಿ 'ಲಿಸ್ಟ್ ಡಿಸ್ಕ್' ಕೊಡಿ. ಎಸ್‌ಎಸ್‌ಡಿಯ ಸಾಲಲ್ಲಿ ಜಿಪಿಟಿ (ಪಾರ್ಟಿಶನ್ ಪಟ್ಟಿಯ ಹೊಸ ಬಗೆ) ಕೆಳಗೆ ನಕ್ಷತ್ರ ಇರಬೇಕು. ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿ, ಇಡೀ ಡಿಸ್ಕನ್ನೇ ಮತ್ತೆ ಕ್ಲೋನ್ ಮಾಡಿ.

ನಕ್ಷತ್ರ ಇದ್ದರೆ ದೊಡ್ಡ ಪಾರ್ಟಿಶನ್ನನ್ನು ಶ್ರಿಂಕ್ ಮಾಡಿ (ಕಿರಿದಾಗಿಸಿ) 300 ಎಂಬಿ ಬಿಡಿಸಿಕೊಳ್ಳಿ. ಆ ಜಾಗದಲ್ಲಿ ಇಎಫ್‌ಐ ಪಾರ್ಟಿಶನ್ ಮಾಡಿ, ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಎಸ್ ಅಕ್ಷರ ಕೊಡಿ. ಡಿಸ್ಕ್‌ಪಾರ್ಟ್‌ನಿಂದ ಹೊರಗೆ ಬಂದು ಬೂಟ್ ಫೈಲುಗಳನ್ನು ಬರೆಯುವ ಈ ಕಮಾಂಡ್ ಕೊಡಿ: ಬಿಸಿಡಿಬೂಟ್ ಸಿ:\ವಿಂಡೋಸ್ /ಎಸ್ ಎಸ್: /ಎಫ್ ಯುಇಎಫ್‌ಐ. ಆಮೇಲೆ ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆದಾಗ ತೆರೆಯುವ ಸೆಟ್ಟಿಂಗ್) ಎಸ್‌ಎಸ್‌ಡಿಯ ಹೆಸರನ್ನಲ್ಲ, 'ವಿಂಡೋಸ್ ಬೂಟ್ ಮ್ಯಾನೇಜರ್' ಅನ್ನೋದನ್ನು ಮೊದಲಿಗೆ ತನ್ನಿ.

ಇನ್ನೊಂದು. ಈ ಎರಡು ದಿನದ ಕೆಲಸ ಹಳೇ ಡಿಸ್ಕ್‌ನಲ್ಲಿದೆ. ಕೇಬಲ್ ಕೀಳುವ ಮುಂಚೆ ಕಾಪಿ ಮಾಡಿಕೊಳ್ಳಿ.

ಡಿಟಿಪಿ_ದಾವಣಗೆರೆ:
ಆಯ್ತು ಸಾರ್! ಮೊದಲ ಸಲ ಬಿಸಿಡಿಬೂಟ್ ಬೈದು ಕಳಿಸಿತು. ನೋಡಿದರೆ ಪೆನ್‌ಡ್ರೈವ್ ಸಿ ಆಗಿ ಕೂತಿತ್ತು, ನನ್ನ ವಿಂಡೋಸ್ ಡಿ ಆಗಿತ್ತು. ಅಕ್ಷರ ಬದಲಿಸಿದೆ, ಒಂದೇ ಏಟಿಗೆ ಆಯ್ತು. ಈಗ ಊದಿನಕಡ್ಡಿ ಹಚ್ಚೋದರೊಳಗೆ ಡೆಸ್ಕ್‌ಟಾಪ್ ಬಂದಿರುತ್ತೆ.

ಆದರೆ ಖುಷಿಯಲ್ಲಿ ನಿಮ್ಮ ಕೊನೇ ಮಾತು ಮರೆತೆ. ಮೊನ್ನೆ ತಿದ್ದಿದ್ದ ಲಗ್ನಪತ್ರಿಕೆಯನ್ನು ಎಸ್‌ಎಸ್‌ಡಿಯಿಂದ ತೆಗೆದು ಪ್ರಿಂಟ್ ಕೊಟ್ಟರೆ ಮುಹೂರ್ತ ಹಳೇದೇ ಇತ್ತು! ಪ್ರೂಫ್ ನೋಡೋಕೆ ಬಂದ ಹುಡುಗಿ ತಂದೆ ಹಿಡಿದರು, ಬಚಾವಾದೆ. ಹಳೇ ಡಿಸ್ಕನ್ನು ಯಾವಾಗ ಫಾರ್ಮ್ಯಾಟ್ ಮಾಡಬಹುದು?

ಸ್ಕ್ರೂಡ್ರೈವರ್:
ಸೀಸನ್ ಮುಗಿಯಲಿ. ಅಲ್ಲಿವರೆಗೆ ಯುಎಸ್‌ಬಿ ಕೇಸ್‌ನಲ್ಲಿ ಹಾಕಿ ಬೀರುವಿನಲ್ಲಿಡಿ.